ಆಟದ ಫೈಲಿನಲ್ಲಿ ಉಳಿದ ಕರಿಮೆಣಸು

ಕಳೆದ ವರ್ಷ ಕಕ್ಕಡದ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಭಾನುವಾರ, ಗೋಣಿಕೊಪ್ಪಲಿನ ಪಿಯುಸಿ ವಿದ್ಯಾರ್ಥಿಯೊಬ್ಬ ಮಡಿಕೇರಿಯ ನಮ್ಮ ಮನೆಗೆ ಬಂದ. ನಾನು ಹಿಂದೆ ಪ್ರೋಗ್ರಾಮರ್ ಆಗಿ ಕೆಲಸ ಮಾಡಿದ್ದ, ಕಾಫಿ ತೋಟ ನಡೆಸುವ ಒಂದು ಮೊಬೈಲ್ ಗೇಮಿನ ಫೈಲುಗಳೊಳಗೆ ತನಗೆ ಸಿಕ್ಕ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ, ಏಣಿಯ ಬುಡದಲ್ಲಿ ಅರ್ಧ ತುಂಬಿದ ಗೋಣಿಚೀಲ. "ಸಾರ್, ನಮ್ಮ ತೋಟದ ಏಣಿಯೂ ಹೀಗೇ ಇರೋದು. ಆದ್ರೆ ಆಟದಲ್ಲಿ ಮೆಣಸೇ ಬರಲ್ವಲ್ಲ? ಎಲ್ಲಾ ಲೆವೆಲ್ ಮುಗಿಸಿ ನೋಡಿದೆ. ಇದನ್ನ ಓಪನ್ ಮಾಡೋದು ಹೇಗೆ?" ಎಂದು ಕೇಳಿದ. ಅದನ್ನು ತಲುಪುವ ದಾರಿಯೇ ಇಲ್ಲ ಎಂದಾಗ ಅವನು ನಂಬಲಿಲ್ಲ. ಚಿತ್ರ ಇದ್ದ ಮೇಲೆ ದಾರಿಯೂ ಇರಲೇಬೇಕು ಎಂಬುದು ಅವನ ವಾದ. ಇದೇ ವಾದವನ್ನು ಬಹಳ ಜನರಿಂದ ಕೇಳಿರುವುದರಿಂದ, ಅಂದು ಅವನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಅವನಿಗೆ ಆ ಚಿತ್ರ ಸಿಕ್ಕಿದ್ದರಲ್ಲಿ ಮಾಟಮಂತ್ರವೇನೂ ಇಲ್ಲ. ಆಂಡ್ರಾಯ್ಡ್ ಆ್ಯಪ್‌ಗಳು ಬರುವ ಎಪಿಕೆ ಫೈಲು ನಿಜದಲ್ಲಿ ಒಂದು ಝಿಪ್ ಕಟ್ಟು. ಅದನ್ನು ಬಿಚ್ಚಿದರೆ ಒಳಗಿನ ಫೋಲ್ಡರುಗಳೆಲ್ಲ ಕಣ್ಣೆದುರಿಗೆ ಬರುತ್ತವೆ. ಕೆಲವು ಗೇಮುಗಳು ಚಿತ್ರ ಮತ್ತು ಧ್ವನಿಗಳನ್ನು ಒಂದೇ ದೊಡ್ಡ ಫೈಲಿನಲ್ಲಿ ಸೇರಿಸಿ ಇಟ್ಟಿರುತ್ತವೆ, ಆದರೆ ಅಲ್ಲಿಯೂ ಸಾಮಾನ್ಯವಾಗಿ ಪ್ರತಿಯೊಂದು ವಸ್ತು ತನ್ನ ಗುರುತನ್ನು ತಲೆಯ ಮೇಲೆ ಹೊತ್ತುಕೊಂಡೇ ಇರುತ್ತದೆ. ಪಿಎನ್‌ಜಿ ಎಂಬ ಬಗೆಯ ಚಿತ್ರಫೈಲಿನ ಎರಡು, ಮೂರು ಮತ್ತು ನಾಲ್ಕನೆಯ ಬೈಟುಗಳು 'ಪಿ', 'ಎನ್', 'ಜಿ' ಎಂಬ ಅಕ್ಷರಗಳೇ ಆಗಿರುವುದರಿಂದ, ಫೈಲಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಆ ಅಕ್ಷರಗಳನ್ನು ಹುಡುಕುತ್ತಾ ಹೋದವರಿಗೆ ಚಿತ್ರಗಳು ಒಂದೊಂದಾಗಿ ಸಿಗುತ್ತವೆ. ತಾಳ್ಮೆಯೊಂದಿದ್ದರೆ ಸಾಕು, ಮಳೆಗಾಲದಲ್ಲಿ ಕೊಡಗಿನ ಹುಡುಗರಿಗೆ ಅದಕ್ಕೆ ಬೇಕಾದಷ್ಟು ಸಮಯವೂ ಸಿಗುತ್ತದೆ.

ನಮ್ಮ ಗೇಮಿನಲ್ಲಿ ಮೆಣಸು ಮೊದಲು ಇತ್ತು. ಆಟಗಾರನಿಗೆ ವರ್ಷಕ್ಕೆ ಇಂತಿಷ್ಟು ಆಳುಗಳು, ಋತುವಿಗೆ ತಕ್ಕ ಕೆಲಸ, ಬೆಳೆಗೆ ತಕ್ಕ ಬೆಲೆ ಎಂಬ ಲೆಕ್ಕದಲ್ಲಿ ಆಟ ಸಾಗುತ್ತಿತ್ತು. ತೋಟದ ವಾಸ್ತವಕ್ಕೆ ನಿಷ್ಠರಾಗಿರಬೇಕೆಂದು ಮೆಣಸಿನ ಕುಯ್ಲನ್ನು ರೋಬಸ್ಟಾ ಕುಯ್ಲು ಮುಗಿಯುತ್ತ ಬರುವ ಹೊತ್ತಿಗೇ ಇಟ್ಟಿದ್ದೆವು. ಇದರಿಂದ ಆಟವನ್ನು ಪರೀಕ್ಷಿಸುತ್ತಿದ್ದವರು ಆಳುಗಳನ್ನೆಲ್ಲ ಕಾಫಿಗೇ ಹಾಕಿ ಮೆಣಸಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಲೆ ಏರಿಸಿದರೆ ಎಲ್ಲರೂ ಮೆಣಸನ್ನೇ ಬೆಳೆದು ಕಾಫಿಯನ್ನು ಬಿಡುತ್ತಿದ್ದರು. ಬಿಡುಗಡೆಗೆ ಎರಡು ವಾರ ಉಳಿದಾಗ ಮೆಣಸನ್ನು ಕೈಬಿಡಬೇಕೆಂದು ತೀರ್ಮಾನಿಸಿ, ಬೆಳೆಗಳ ಪಟ್ಟಿಯಿಂದ ಹದಿನಾಲ್ಕನೆಯ ಸಾಲನ್ನು ನಾನೇ ಅಳಿಸಿದೆ.

ಮರುದಿನವೇ ಸಿದ್ದಾಪುರದಲ್ಲಿ ನಮಗಾಗಿ ಆಟ ಪರೀಕ್ಷಿಸುತ್ತಿದ್ದ ಮಹಿಳೆಯೊಬ್ಬರು ಫೋನ್ ಮಾಡಿ, ತಮ್ಮ ಏಲಕ್ಕಿಯೆಲ್ಲ ರಾತ್ರೋರಾತ್ರಿ ಕಿತ್ತಳೆಯಾಗಿದೆ ಎಂದರು. ಕಾರಣ ಸರಳವಾಗಿತ್ತು. ಆಟಗಾರರು ಸೇವ್ ಮಾಡಿದ ಫೈಲಿನಲ್ಲಿ 'ಏಲಕ್ಕಿ' ಎಂಬ ಹೆಸರು ಇರಲಿಲ್ಲ, 'ಹದಿನೈದನೆಯ ಬೆಳೆ' ಎಂಬ ಸಂಖ್ಯೆಯಷ್ಟೇ ಇತ್ತು. ಹದಿನಾಲ್ಕನೆಯ ಸಾಲು ಹೋದಾಗ ಹದಿನಾರನೆಯದಾಗಿದ್ದ ಕಿತ್ತಳೆ ಒಂದು ಸ್ಥಾನ ಮೇಲೆ ಬಂದು ಏಲಕ್ಕಿಯ ಜಾಗದಲ್ಲಿ ಕೂತಿತ್ತು. ತೋಟದಲ್ಲಿ ನೆರಳಿನ ಮರ ಕಡಿದವರಿಗೆ ಈ ಪಾಡು ಗೊತ್ತಿರುತ್ತದೆ. ಬೇಡವೆಂದು ಕಡಿಯುವುದು ಒಂದೇ ಮರವಾದರೂ ಅದು ಬೀಳುವುದು ಬೇಕಾದ ಕಾಫಿ ಗಿಡಗಳ ಮೇಲೆ. ಆ ಸಂಜೆಯೇ ಮೆಣಸಿನ ಸಾಲನ್ನು ಮತ್ತೆ ಸೇರಿಸಿ, ಬೆಲೆಯನ್ನು ಸೊನ್ನೆ ಮಾಡಿ, ಅಂಗಡಿಯ ಪರದೆಯಲ್ಲಿ ಕಾಣದಂತೆ ಮಾಡಿದೆವು. ಆ ಸಾಲಿಗೆ ಒಂದು ಚಿತ್ರ ಬೇಕೇಬೇಕೆಂದು ಕೋಡ್ ಬಯಸುತ್ತಿದ್ದುದರಿಂದ ಚಿತ್ರವೂ ಅಲ್ಲೇ ಉಳಿಯಿತು.

ಗೇಮುಗಳಲ್ಲಿ ಬಳಕೆಯಾಗದೆ ಉಳಿದ ಸಾಮಗ್ರಿಯ ಬಹುಪಾಲು ಹೀಗೆಯೇ ಉಳಿಯುತ್ತದೆ. ಹೊರಗಿನವರು ಇದನ್ನು ಸೋಮಾರಿತನವೆಂದು ಭಾವಿಸುವುದುಂಟು, ನಾನು ಆ ಮಾತನ್ನು ಒಪ್ಪುವುದಿಲ್ಲ. ಒಂದು ವಸ್ತುವನ್ನು ಯಾವ ಕೋಡ್ ಎಲ್ಲಿಂದ ಕರೆಯುತ್ತದೆ ಎಂಬುದು ಪೂರ್ತಿ ತಿಳಿಯದೆ ಕೊನೆಯ ವಾರದಲ್ಲಿ ಅದನ್ನು ಕಿತ್ತುಹಾಕುವುದಕ್ಕಿಂತ, ಅದರ ಬಾಗಿಲು ಮುಚ್ಚಿ ಹಾಗೆಯೇ ಬಿಡುವುದು ಅನುಭವಸ್ಥರ ಕೆಲಸ.

ಗೇಮುಗಳು ಚಿಪ್ ಇರುವ ಚಿಕ್ಕ ಡಬ್ಬಿಗಳಲ್ಲಿ, ಅಂದರೆ ಕಾರ್ಟ್ರಿಜ್‌ಗಳಲ್ಲಿ ಬರುತ್ತಿದ್ದ ಕಾಲದಲ್ಲಿ ಹೀಗೆ ಬಿಡುವುದಕ್ಕೂ ಹೆಚ್ಚು ಜಾಗವಿರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪೋಕೆಮಾನ್ ಗೇಮುಗಳ ಕಾರ್ಟ್ರಿಜ್ ಪೂರ್ತಿ ತುಂಬಿಹೋಗಿತ್ತು. ಕೊನೆಯಲ್ಲಿ ದೋಷ ಹುಡುಕುವ ಡೀಬಗ್ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟುಗಳಷ್ಟು ಜಾಗ ಬಿಡುವಾಯಿತು, ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಜಾಗದಲ್ಲಿ ಮ್ಯೂ ಎಂಬ ಪ್ರಾಣಿಯನ್ನು ಸೇರಿಸಿದರು. ಸಾಮಾನ್ಯ ಆಟದಲ್ಲಿ ಅದು ಸಿಗುತ್ತಿರಲಿಲ್ಲ. ಈ ಪ್ಯಾರಾದ ಮೊದಲೆರಡು ವಾಕ್ಯಗಳನ್ನು ಕನ್ನಡದಲ್ಲಿ ಯೂನಿಕೋಡ್‌ನಲ್ಲಿ ಬರೆದಿಟ್ಟರೂ 300 ಬೈಟು ಮೀರಿಹೋಗುತ್ತದೆ. ಆ ಕೆಲಸಗಾರರ ಮಿತವ್ಯಯದ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಆ ಹುಡುಗ ಹುಡುಕುತ್ತಿದ್ದ ಬಗೆಯ ಗುಟ್ಟುಗಳೂ ನಿಜವಾಗಿ ಇವೆ. 1980ರಲ್ಲಿ ಅಟಾರಿ ಮಾರುಕಟ್ಟೆಗೆ ತಂದ 'ಅಡ್ವೆಂಚರ್' ಗೇಮನ್ನು ಬರೆದ ವಾರೆನ್ ರಾಬಿನೆಟ್, ಪ್ರೋಗ್ರಾಮರುಗಳ ಹೆಸರನ್ನು ಕಂಪನಿ ಎಲ್ಲಿಯೂ ಹಾಕದ ಆ ದಿನಗಳಲ್ಲಿ, ತನ್ನ ಹೆಸರು ಬರೆದ ಒಂದು ಕೋಣೆಯನ್ನು ಆಟದೊಳಗೆ ಬಚ್ಚಿಟ್ಟ. ಅಲ್ಲಿಗೆ ಹೋಗಬೇಕಾದರೆ, ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋಗಿ ಕಣ್ಣಿಗೆ ಬೀಳದ ಒಂದೇ ಒಂದು ಬೂದು ಚುಕ್ಕಿಯನ್ನು ಹುಡುಕಿ ಹೊತ್ತು ತರಬೇಕಾಗಿತ್ತು. ಅವನು ಕೆಲಸ ಬಿಟ್ಟ ನಂತರ ಒಬ್ಬ ಹದಿಹರೆಯದ ಆಟಗಾರ ಅದನ್ನು ಪತ್ತೆಹಚ್ಚಿ ಕಂಪನಿಗೆ ಪತ್ರ ಬರೆದ. ಇಂಥ ಅಡಗಿಸಿಟ್ಟ ಸಂಗತಿಗಳಿಗೆ 'ಈಸ್ಟರ್ ಎಗ್' ಎಂಬ ಹೆಸರು ಬಂದದ್ದು ಅಲ್ಲಿಂದ. ಇಲ್ಲಿ ಗಮನಿಸಬೇಕಾದ ಸಂಗತಿ ಆ ಚುಕ್ಕಿ. ಬೇಕೆಂದು ಬಚ್ಚಿಟ್ಟವನು ದಾರಿಯನ್ನೂ ಮಾಡಿಟ್ಟಿರುತ್ತಾನೆ, ಕೈಬಿಟ್ಟದ್ದಕ್ಕೆ ಅಂಥ ದಾರಿ ಇರುವುದಿಲ್ಲ.

ಗುಟ್ಟೂ ಅಲ್ಲದ, ಉಳಿಕೆಯೂ ಅಲ್ಲದ ಮೂರನೆಯ ಬಗೆಯೊಂದಿದೆ. 1985ರ 'ಸೂಪರ್ ಮಾರಿಯೋ ಬ್ರದರ್ಸ್'ನಲ್ಲಿ 1-2ನೆಯ ಹಂತದ ಕೊನೆಗೆ ಗೋಡೆಯೊಳಗಿಂದ ತೂರಿ ಕೊಳವೆಗಿಳಿದರೆ 'ಮೈನಸ್ ಒಂದು' ಎಂಬ ಲೋಕ ತೆರೆಯುತ್ತದೆ, ಅದು ನಿರ್ಮಾಪಕರು ಅಡಗಿಸಿದ ಹಂತವೆಂದು ವರ್ಷಗಟ್ಟಲೆ ಜನ ನಂಬಿದ್ದರು. ವಾಸ್ತವದಲ್ಲಿ ಆ ಕೊಳವೆ ಎಲ್ಲಿಗೆ ಹೋಗಬೇಕೆಂಬ ಜಾಗದಲ್ಲಿ ಗೇಮು 36 ಎಂಬ ಅಂಕಿಯನ್ನು ಓದಿಕೊಂಡು, ಇಲ್ಲದ 36ನೆಯ ಲೋಕಕ್ಕೆ ಆಟಗಾರನನ್ನು ಕಳಿಸುತ್ತದೆ. ಪರದೆಗೆ ಅಂಕಿ-ಅಕ್ಷರ ಬರೆಯಲು ಗೇಮು ಬಳಸುವ ಚಿಕ್ಕ ಚಿತ್ರಗಳ ಸಾಲಿನಲ್ಲಿ 36ನೆಯದು ಖಾಲಿ ಚೌಕವಾದ್ದರಿಂದ ಪರದೆಯ ಮೇಲೆ ಲೋಕದ ಸಂಖ್ಯೆ ಮಾಯವಾಗಿ '-1' ಮಾತ್ರ ಉಳಿಯುತ್ತದೆ. ಯಾರೂ ಕಟ್ಟದ ಹಂತ ಅದು.

ಬಾಗಿಲು ಮುಚ್ಚಿ ಬಿಡುವುದು ಸರಿ ಎಂದೆ. ಒಳಗೆ ಏನಿದೆಯೆಂದು ತಿಳಿದು ಮುಚ್ಚಿದಾಗ ಮಾತ್ರ ಅದು ಸರಿ. 2004ರ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಗೇಮಿನಲ್ಲಿ ಪಾತ್ರಗಳ ಲೈಂಗಿಕ ದೃಶ್ಯವಿದ್ದ ಒಂದು ಕಿರು ಆಟವನ್ನು ನಿರ್ಮಾಪಕರು ಕೈಬಿಟ್ಟಿದ್ದರು, ಆದರೆ ಡಿಸ್ಕಿನಿಂದ ಅಳಿಸಿರಲಿಲ್ಲ. 2005ರ ಜೂನ್‌ನಲ್ಲಿ ಹವ್ಯಾಸಿಯೊಬ್ಬ ಅದನ್ನು ಮತ್ತೆ ಚಾಲೂ ಮಾಡುವ ಚಿಕ್ಕ ಮಾರ್ಪಾಡನ್ನು ಹೊರತಂದ. ಜುಲೈನಲ್ಲಿ ಗೇಮುಗಳಿಗೆ ವಯಸ್ಸಿನ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಇಎಸ್‌ಆರ್‌ಬಿ ಆ ಗೇಮಿನ ದರ್ಜೆಯನ್ನು 'ಕೇವಲ ವಯಸ್ಕರಿಗೆ' ಎಂದು ಬದಲಿಸಿತು, ದೊಡ್ಡ ಅಂಗಡಿಗಳು ಅದನ್ನು ಕಪಾಟಿನಿಂದ ಇಳಿಸಿದವು. ಆಟದಲ್ಲಿ ಕಾಣದಿದ್ದರೂ ಡಿಸ್ಕಿನಲ್ಲಿದ್ದದ್ದನ್ನು ಮಾರಿದಂತೆಯೇ ಎಂಬ ತಿಳಿವಳಿಕೆ ನಮ್ಮ ವೃತ್ತಿಗೆ ಅಂದು ಬಂತು.

ನಮ್ಮ ಜಿಲ್ಲೆಯ ಮಟ್ಟಿಗೆ ಇದರ ಹೊರೆ ಇನ್ನೊಂದು ರೂಪದಲ್ಲಿ ಬೀಳುತ್ತದೆ. ಮೊಬೈಲ್ ಗೇಮುಗಳಿಗೆ ಬಹಳವಾಗಿ ಬಳಸುವ ಯೂನಿಟಿ ಎಂಬ ಎಂಜಿನ್‌ನಲ್ಲಿ, ಅಂದರೆ ಗೇಮು ಕಟ್ಟುವ ತಂತ್ರಾಂಶದಲ್ಲಿ, 'ರಿಸೋರ್ಸಸ್' ಎಂಬ ಹೆಸರಿನ ಫೋಲ್ಡರಿಗೆ ಹಾಕಿದ್ದೆಲ್ಲವೂ, ಆಟದಲ್ಲಿ ಬಳಕೆಯಾಗಲಿ ಆಗದಿರಲಿ, ಕೊನೆಯ ಕಟ್ಟಿಗೆ ಸೇರಿಬಿಡುತ್ತದೆ. ಅವಸರದಲ್ಲಿ ಪ್ರಯೋಗಕ್ಕೆಂದು ಹಾಕಿದ ಸಂಗೀತದ ಫೈಲು ಹಾಗೇ ಉಳಿದರೆ, ಭಾಗಮಂಡಲದ ಆಚೆ ಒಂದು ಗೆರೆ ಸಿಗ್ನಲ್ ಹಿಡಿಯಲು ಗೇಟಿನವರೆಗೆ ನಡೆದುಬರುವ ಹುಡುಗಿ ಎಂದೂ ಕೇಳದ ಸಂಗೀತವನ್ನು ಡೌನ್‌ಲೋಡ್ ಮಾಡುತ್ತಾ ನಿಂತಿರಬೇಕಾಗುತ್ತದೆ. ಒಮ್ಮೆ ನಾನೇ ಇಂಥ ಫೋಲ್ಡರನ್ನು ಒಂದು ದಿನ ಕುಳಿತು ಹಸನು ಮಾಡಿದಾಗ ಗೇಮಿನ ಗಾತ್ರ ಕಾಲುಭಾಗ ಇಳಿಯಿತು. ಏನನ್ನು ಉಳಿಸಿದ್ದೇವೆ, ಯಾಕೆ ಉಳಿಸಿದ್ದೇವೆ ಎಂಬ ಒಂದು ಪುಟದ ಪಟ್ಟಿಯನ್ನು ಬಿಡುಗಡೆಗೆ ಮುನ್ನ ಬರೆದಿಡಬೇಕೆಂದು ಜೊತೆಗೆ ಕೆಲಸ ಮಾಡುವ ಕಿರಿಯರನ್ನು ನಾನು ಒತ್ತಾಯಿಸುವುದು ಅದಕ್ಕಾಗಿಯೇ.

ಹುಡುಕುವವರಿಗೂ ಒಂದು ಮಾತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ, ನ್ಯಾಯವಾಗಿ ಪಡೆದುಕೊಂಡ ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಅಭ್ಯಾಸ ಮಾಡುವುದಕ್ಕೆ ಅವಕಾಶ ಕೊಡುತ್ತದೆ. ಸಿಕ್ಕಿದ ಚಿತ್ರಗಳನ್ನೂ ಸಂಗೀತವನ್ನೂ ಬೇರೆಯವರಿಗೆ ಹಂಚುವುದು ಬೇರೆಯೇ ಸಂಗತಿ, ಅವುಗಳ ಹಕ್ಕು ಮಾಡಿದವರದು. ಇನ್ನು ಸಿಕ್ಕಿದ್ದರ ಅರ್ಥ ಹೇಳುವಾಗ, ಅದನ್ನು ಯಾವ ಕೋಡಾದರೂ ಕರೆಯುತ್ತದೆಯೇ ಎಂದು ಮೊದಲು ನೋಡಬೇಕು. ಹೆಸರಿನಲ್ಲಿ 'ಟೆಸ್ಟ್', 'ಡಮ್ಮಿ', 'ಓಲ್ಡ್' ಎಂದಿದ್ದರೆ ಅದನ್ನು ನಂಬಬೇಕು. ಕೈಬಿಟ್ಟದ್ದು ಎಂದೆಂದಿಗೂ ಸತ್ತಂತೆಯೂ ಅಲ್ಲ. 1992ರ 'ಸೋನಿಕ್ 2'ರಲ್ಲಿ ಅರ್ಧಕ್ಕೆ ನಿಂತು ತುಣುಕಾಗಿ ಉಳಿದಿದ್ದ 'ಹಿಡನ್ ಪ್ಯಾಲೇಸ್' ಹಂತವನ್ನು 2013ರ ಮೊಬೈಲ್ ಆವೃತ್ತಿಯಲ್ಲಿ ಪೂರ್ತಿಮಾಡಿ ಸೇರಿಸಿದರು.

ಇಷ್ಟನ್ನೂ ಕೇಳಿದ ಮೇಲೆ ಆ ಹುಡುಗ ಲ್ಯಾಪ್‌ಟಾಪನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಬೆಳೆಗಳ ಪಟ್ಟಿಯನ್ನು ತೆರೆದ. ಹದಿನಾಲ್ಕನೆಯ ಸಾಲಿನ ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಿ, "ಸಾರ್, ಮೆಣಸು ಕುಯ್ಯೋಕೆ ಬೇರೆ ಆಳುಗಳನ್ನ ಇಟ್ಟಿದ್ರೆ? ನಮ್ಮಲ್ಲಿ ಏಣಿ ಹತ್ತೋರೇ ಬೇರೆ, ಕಾಫಿ ಕುಯ್ಯೋರೇ ಬೇರೆ" ಎಂದ. ಎರಡು ವಾರದಲ್ಲಿ ನಮ್ಮ ಇಡೀ ತಂಡಕ್ಕೆ ಹೊಳೆಯದಿದ್ದ ಉಪಾಯ ಅದು. ಮೂಲ ಕೋಡಿನ ಪ್ರತಿ ಈಗ ನನ್ನ ಬಳಿ ಇಲ್ಲ, ಹಳೆಯ ವಿನ್ಯಾಸದ ಪುಸ್ತಕ ಮಾತ್ರ ಇದೆ. ಅದರಲ್ಲಿ ಮೆಣಸಿನ ಪುಟವನ್ನು ಹುಡುಕಿ ತೆಗೆದು, ಅವನ ಮಾತನ್ನು ಅಂಚಿನಲ್ಲಿ ಬರೆದುಕೊಂಡೆ.