ಗೇಟು ಹಾಕಿ ಲಾರಿ ಎಣಿಸುವವರು

ಗದ್ದೆಗೆ ಎರಚಿದ ಯೂರಿಯಾ ಎಲ್ಲಿ ಹೋಯಿತು ಎಂದರೆ ‘ಮಳೆಗೆ ಕೊಚ್ಚಿಹೋಯ್ತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪೂರ್ತಿ ನಿಜವಲ್ಲ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಆಗುತ್ತದೆ. ನೀರು ನಿಂತು ಉಸಿರುಗಟ್ಟಿದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸಿ, ಅದನ್ನು ಹಂತಹಂತವಾಗಿ ನೈಟ್ರಸ್ ಆಕ್ಸೈಡ್, ಕೊನೆಗೆ ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಫ್ರಾನ್ಸಿನ ಗಯೋನ್ ಮತ್ತು ಡ್ಯುಪೆಟಿ 1880ರ ದಶಕದಲ್ಲೇ ಇದಕ್ಕೆ ಡಿನೈಟ್ರಿಫಿಕೇಶನ್ ಎಂದು ಹೆಸರಿಟ್ಟರು. ಹೆಸರಿಟ್ಟಷ್ಟು ಸುಲಭವಾಗಿ ಅಳೆಯಲು ಆಗಲಿಲ್ಲ.

ಗಾಳಿಯಲ್ಲಿ 78% ಸಾರಜನಕ ಮೊದಲೇ ಇದೆ. ಮಣ್ಣು ಬಿಟ್ಟ ಚೂರನ್ನು ಅದರಲ್ಲಿ ಹುಡುಕುವುದು ತುಂಬಿದ ಕೆರೆಗೆ ಒಂದು ಚೊಂಬು ನೀರು ಸುರಿದು ಮಟ್ಟ ಏರಿತೇ ಎಂದು ನೋಡಿದ ಹಾಗೆ. 1970ರ ದಶಕದಲ್ಲಿ ಒಂದು ಉಪಾಯ ಸಿಕ್ಕಿತು. ಮಣ್ಣಿನ ಸೀಸೆಗೆ ಸುಮಾರು 10% ಅಸಿಟಿಲೀನ್ ಅನಿಲ ಸೇರಿಸಿದರೆ ನೈಟ್ರಸ್ ಆಕ್ಸೈಡನ್ನು ಸಾರಜನಕ ಮಾಡುವ ಕೊನೆಯ ಕಿಣ್ವ ಕೆಲಸ ನಿಲ್ಲಿಸುತ್ತದೆ, ನೈಟ್ರಸ್ ಆಕ್ಸೈಡ್ ಅಲ್ಲೇ ಗುಡ್ಡೆ ಬೀಳುತ್ತದೆ. ಗಾಳಿಯಲ್ಲಿ ಅದು ಇರುವುದೇ ಅತ್ಯಲ್ಪ, ಹಾಗಾಗಿ ಏರಿಕೆ ಸಲೀಸಾಗಿ ಗೊತ್ತಾಗುತ್ತದೆ. ಟೋಲ್ ಗೇಟು ಹಾಕಿ, ಹಿಂದೆ ಸಾಲುಗಟ್ಟಿದ ಲಾರಿಗಳನ್ನು ಎಣಿಸಿದಂತೆ. ಕಾರ್ಬೈಡಿನಿಂದ ಹೊರಟು ಮಾವಿನಕಾಯಿ ಹಣ್ಣು ಮಾಡುವ ಗ್ಯಾಸೂ ಇದೇ.

ಆದರೆ ಈ ಗೇಟಿನವನು ಬರೀ ಗೇಟು ಹಾಕಿ ಸುಮ್ಮನಿರುವವನಲ್ಲ! ಮಣ್ಣಿನ ಅಮೋನಿಯಂ ಬದಲಾಗಿ ನೈಟ್ರೇಟ್ ಆಗುವ ಕ್ರಿಯೆಯನ್ನು 0.01% ಅಸಿಟಿಲೀನೇ ತಡೆದುಬಿಡುತ್ತದೆ. ಅಂದರೆ ಲಾರಿಗೆ ಲೋಡು ಕೊಡುವ ಕಾರ್ಖಾನೆಗೂ ಬೀಗ. ಲೆಕ್ಕ ಕಡಿಮೆ ಬರದೆ ಇನ್ನೇನು? ಸೀಸೆಯಲ್ಲಿ ಆಮ್ಲಜನಕ ಉಳಿದಿದ್ದರೆ, ನೈಟ್ರಸ್ ಆಕ್ಸೈಡಿಗೂ ಮೊದಲು ದಾರಿಮಧ್ಯೆ ಹುಟ್ಟುವ ನೈಟ್ರಿಕ್ ಆಕ್ಸೈಡನ್ನು ಅಸಿಟಿಲೀನ್ ಬೇರೆಯೇ ದಾರಿಗೆ ತಿರುಗಿಸುತ್ತದೆ: ಗೇಟಿಗೆ ಬರುವ ಮೊದಲೇ ಅಡ್ಡರಸ್ತೆ ಹಿಡಿದ ಲಾರಿ. ಇನ್ನು ನಮ್ಮ ಎರೆಮಣ್ಣಿನಂಥ ಅಂಟು ಜೇಡಿಯೊಳಕ್ಕೆ ಗ್ಯಾಸು ಸರಿಯಾಗಿ ಇಳಿಯುವುದೇ ಇಲ್ಲ, ಅಲ್ಲಿ ಗೇಟು ಅರೆತೆರೆದೇ ಇರುತ್ತದೆ. ವೆಲ್ಡಿಂಗ್ ಸಿಲಿಂಡರಿನಲ್ಲಿ ಅಸಿಟಿಲೀನ್ ಸಿಡಿಯದಿರಲೆಂದು ಅದನ್ನು ಅಸಿಟೋನಿನಲ್ಲಿ ಕರಗಿಸಿರುತ್ತಾರೆ. ಆ ಗ್ಯಾಸನ್ನು ತೊಳೆಯದೆ ಬಿಟ್ಟರೆ ಅಸಿಟೋನೂ ಸೀಸೆಗೆ ಬಂದು ಬ್ಯಾಕ್ಟೀರಿಯಾಗಳಿಗೆ ಪುಕ್ಕಟೆ ಊಟ. ಈಗ ಲೆಕ್ಕ ಹೆಚ್ಚು.

ಮಣ್ಣು ತಂದವರದ್ದೂ ತಪ್ಪಿದೆ. ಒಣಗಿಸಿ, ಜರಡಿ ಹಿಡಿದು, ಮತ್ತೆ ನೀರು ಹಾಕಿದರೆ ಸೂಕ್ಷ್ಮಜೀವಿಗಳು ಒಮ್ಮೆಲೇ ಮೈಕೊಡವಿ ಏಳುತ್ತವೆ ಎಂದು 1958ರಲ್ಲೇ ಬರ್ಚ್ ಎಂಬ ವಿಜ್ಞಾನಿ ತೋರಿಸಿದ್ದ. ಹೊಲದಲ್ಲಿ ಒದ್ದೆ ಹೆಂಟೆಯ ಒಡಲಲ್ಲಿ ಆಮ್ಲಜನಕ ಇರುವುದು ಕಡಿಮೆ, ಡಿನೈಟ್ರಿಫಿಕೇಶನ್ ನಡೆಯುವುದೂ ಅಲ್ಲೇ. ಜರಡಿ ಆ ಹೆಂಟೆಯನ್ನೇ ಪುಡಿಮಾಡಿರುತ್ತದೆ. ಜೊತೆಗೆ 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು ಅರ್ಧ ಲೀಟರ್ ನೈಟ್ರಸ್ ಆಕ್ಸೈಡನ್ನು ಕುಡಿದುಬಿಡುತ್ತದೆ. ಮೇಲಿನ ಗಾಳಿಯನ್ನಷ್ಟೇ ಸಿರಿಂಜಿಗೆ ಎಳೆದುಕೊಂಡವರು ಕೆಸರಿನಲ್ಲಿ ಕರಗಿದ್ದನ್ನು ಮರೆಯುತ್ತಾರೆ. ಇಷ್ಟಾದರೂ ವರದಿಯಲ್ಲಿ ದಶಮಾಂಶದ ಮೂರು ಸ್ಥಾನ!

ಅಸಿಟಿಲೀನಿನ ಸಹವಾಸ ಬೇಡವೆನ್ನುವವರು ಸೀಸೆಯ ಗಾಳಿಯನ್ನೆಲ್ಲ ಹೊರಹಾಕಿ ಹೀಲಿಯಂ, ಆಮ್ಲಜನಕ ತುಂಬಿ, ಸಾರಜನಕವನ್ನೇ ನೇರವಾಗಿ ಅಳೆಯುತ್ತಾರೆ. ಒಳ್ಳೆಯ ವಿಧಾನ. ಆದರೆ ಸೂಜಿ ಚುಚ್ಚಿ ಚುಚ್ಚಿ ರಬ್ಬರ್ ಬಿರಡೆ ಸಡಿಲವಾದರೆ ಹೊರಗಿನ 78% ಮೆಲ್ಲಗೆ ಒಳಗಿಳಿಯುತ್ತದೆ. ಯಂತ್ರ ಅದನ್ನೂ ಮಣ್ಣಿನ ಖಾತೆಗೇ ಬರೆಯುತ್ತದೆ.