ಅಂಡಾಶಯದ ಮುಪ್ಪಿಗೂ ದುಗ್ಧರಸ ನಾಳಗಳಿಗೂ ಏನು ಸಂಬಂಧ?

ಪ್ರಶ್ನೆ: ಅಂಡಾಣುಗಳು ಮುಗಿಯುತ್ತ ಬಂದಂತೆ ಅಂಡಾಶಯಕ್ಕೆ ಮುಪ್ಪು ಬರುತ್ತದೆ ಎಂದು ಓದಿದ್ದೇನೆ. ಇದರಲ್ಲಿ ದುಗ್ಧರಸ ನಾಳಗಳ ಪಾತ್ರವೂ ಇದೆಯೇ?

ಉತ್ತರ: ನೀವು ಓದಿದ್ದು ಸರಿ. ಹೆಣ್ಣುಮಗು ಹುಟ್ಟುವಾಗ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮುಟ್ಟು ನಿಲ್ಲುವ ಹೊತ್ತಿಗೆ ಉಳಿಯುವುದು ಸಾವಿರದಷ್ಟು. ಆದರೆ ಬೀಜದ ಲೆಕ್ಕ ಹಾಕುವಾಗ ಅದು ಬಿದ್ದಿರುವ ನೆಲವನ್ನು ಮರೆಯಬಾರದು.

ರಕ್ತನಾಳಗಳಿಂದ ಅಂಗಾಂಶಕ್ಕೆ ಸದಾ ಒಂದಿಷ್ಟು ದ್ರವವೂ ಪ್ರೋಟೀನೂ ಒಸರುತ್ತಿರುತ್ತವೆ. ಅವನ್ನು ರಕ್ತಕ್ಕೆ ಮರಳಿಸುವುದು, ರೋಗನಿರೋಧಕ ಜೀವಕಣಗಳನ್ನು ಹೊರಗೆ ಸಾಗಿಸುವುದು ದುಗ್ಧರಸ ನಾಳಗಳ ಕೆಲಸ. ಅಂಡಾಶಯದಲ್ಲಿ ಈ ಕೆಲಸಕ್ಕೆ ಬಿಡುವೇ ಇಲ್ಲ. ಅಂಡಾಣುವನ್ನು ಹೊತ್ತ ಪುಟ್ಟ ಚೀಲ, ಅಂದರೆ ಫಾಲಿಕಲ್, ದ್ರವ ತುಂಬಿಕೊಂಡು ಸುಮಾರು 2 ಸೆಂ.ಮೀ. ಅಗಲಕ್ಕೆ ಬೆಳೆದು ಒಡೆಯುತ್ತದೆ. ಒಡೆದ ಜಾಗದಲ್ಲಿಯೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸುವ ಹಳದಿ ಗ್ರಂಥಿಯೊಂದು ಕೆಲವೇ ದಿನಗಳಲ್ಲಿ ಮೈದುಂಬಿಕೊಂಡು, ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಸೊರಗುತ್ತದೆ. ಇಷ್ಟು ಬಾರಿ ಕಟ್ಟಿ ಕೆಡವುವ ಅಂಗ ದೇಹದಲ್ಲಿ ಅಪರೂಪ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆಳೆಯುತ್ತಿರುವ ಫಾಲಿಕಲ್ಲಿನ ಹೊರಪದರದ ಸುತ್ತ ತೆಳುಗೋಡೆಯ ದುಗ್ಧರಸ ನಾಳಗಳು ಕಾಣುತ್ತವೆ, ಅಂಡಾಣುವಿಗೆ ಅಂಟಿಕೊಂಡ ಒಳಪದರದಲ್ಲಿ ಮಾತ್ರ ಒಂದೂ ಇರುವುದಿಲ್ಲ.

ಇವು ಬೆಳೆಯುವ ಬಗೆಯೂ ಗಮನಾರ್ಹ. ಇಲಿಗಳಲ್ಲಿ ಅಂಡಾಶಯದ ರಕ್ತನಾಳಗಳು ಭ್ರೂಣದಲ್ಲಿಯೇ ರೂಪುಗೊಂಡರೆ, ದುಗ್ಧರಸ ನಾಳಗಳು ಹುಟ್ಟಿದ ಮೇಲೆ ಹೊರಗಿನಿಂದ ಒಳಕ್ಕೆ ಚಾಚಿಕೊಳ್ಳುತ್ತವೆ. ಫಾಲಿಕಲ್ಲುಗಳನ್ನು ಬೆಳೆಸುವ ಹಾರ್ಮೋನುಗಳೇ ಈ ನಾಳಗಳ ಬೆಳವಣಿಗೆಗೂ ಇಂಬು ಕೊಡುತ್ತವೆ. ನಾಳಗಳಿಗೆ ಬೆಳೆಯುವ ಸಂಕೇತ ತಲುಪಿಸುವ ವಿಇಜಿಎಫ್‌ಆರ್-3 ಎಂಬ ಪ್ರೋಟೀನನ್ನು ಇಲಿಗಳಲ್ಲಿ ಪ್ರತಿಕಾಯದಿಂದ, ಅಂದರೆ ಅದಕ್ಕೇ ಅಂಟಿಕೊಳ್ಳುವ ಇನ್ನೊಂದು ಪ್ರೋಟೀನಿನಿಂದ, ತಡೆದಾಗ ಹಾರ್ಮೋನುಗಳ ಉತ್ಪಾದನೆಗೂ ಗರ್ಭ ಉಳಿಯುವುದಕ್ಕೂ ಪೆಟ್ಟು ಬಿದ್ದಿತು. ನಾಳಗಳು ಬರಿಯ ಚರಂಡಿಯಲ್ಲ ಎಂದು ನಾನು ಒತ್ತಿ ಹೇಳುವುದು ಇದರಿಂದಾಗಿಯೇ.

ಇನ್ನು ಮುಪ್ಪು. ವಯಸ್ಸಾದಂತೆ ಅಂಡಾಶಯದಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ಶೇಖರಗೊಂಡು ಅಂಗಾಂಶ ನಾರುಗಟ್ಟುತ್ತದೆ, ಉರಿಯೂತ ಶಾಶ್ವತವಾಗಿ ನೆಲೆಸುತ್ತದೆ. ಇಲಿಗಳಲ್ಲಿ ಕಸವನ್ನು ನುಂಗಿ ಹಾಕುವ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಹಲವು ಬೀಜಕೇಂದ್ರಗಳ ದೈತ್ಯ ಕಣಗಳಾಗುವುದೂ ಕಂಡುಬಂದಿದೆ. ದ್ರವವೂ ಕಣಗಳೂ ಹೊರಹೋಗುವ ದಾರಿ ಕುಂದಿದರೆ ಇದೆಲ್ಲ ಇನ್ನಷ್ಟು ಹೆಚ್ಚುವುದು ಸಹಜ ಎಂಬ ತರ್ಕ ಬಲವಾಗಿದೆ. ಆದರೂ ನಾಳಗಳ ದೌರ್ಬಲ್ಯವೇ ಮುಪ್ಪಿನ ಮೂಲ ಎನ್ನುವುದು ಅವಸರದ ಮಾತು, ಏಕೆಂದರೆ ಇಲ್ಲಿನ ಪುರಾವೆಯಲ್ಲಿ ಹೆಚ್ಚಿನದು ಇಲಿಗಳದ್ದು. ದುಗ್ಧರಸ ಹರಿಸುವ ಮಸಾಜಿನಿಂದ ಅಂಡಾಶಯ ಮತ್ತೆ ಎಳೆಯದಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ದಯವಿಟ್ಟು ನಂಬಬೇಡಿ; ಕಳೆದುಹೋದ ಅಂಡಾಣುಗಳನ್ನು ಯಾವ ಮಸಾಜೂ ಮರಳಿ ತರುವುದಿಲ್ಲ.