ಚಟ ರಕ್ತದಲ್ಲೇ ಬರುತ್ತದಾ?

"ಅವರಪ್ಪನೂ ಹಾಗೇ ಇದ್ದ, ಇವನಿಗೂ ರಕ್ತದಲ್ಲೇ ಬಂದಿದೆ." ಕುಡಿತ ಬಿಡಲಾಗದೆ ಒದ್ದಾಡುವ ಮಗನ ಬಗ್ಗೆ ಜನ ಎಷ್ಟು ಸುಲಭವಾಗಿ ಹೀಗೆ ಹೇಳಿಬಿಡುತ್ತಾರೆ! ಇದು ನಿಜವಾ ಅಂತ ನೋಡುವುದು ಮಾತ್ರ ಅಷ್ಟು ಸುಲಭವಲ್ಲ. ಅಪ್ಪನಿಂದ ಮಗನಿಗೆ ಜೀನ್ ಬರುತ್ತದೆ. ಆದರೆ ಆ ಮಗ ಬೆಳೆಯುವುದೂ ಅದೇ ಕುಡಿತದ ಮನೆಯಲ್ಲೇ ಅಲ್ವಾ? ಯಾವುದು ಯಾವುದರ ಫಲ?

ಇದಕ್ಕೆ ದಾರಿ ಸಿಕ್ಕಿದ್ದು ಡೆನ್ಮಾರ್ಕ್‌ನ ದತ್ತು ದಾಖಲೆಗಳಲ್ಲಿ. ಹಸುಗೂಸಾಗಿದ್ದಾಗಲೇ ಬೇರೆ ಮನೆ ಸೇರಿದ್ದ ಗಂಡುಮಕ್ಕಳನ್ನು ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಅವರ ತಂಡ ಹುಡುಕಿತು. 1973ರಲ್ಲಿ ಲೆಕ್ಕ ಹೊರಬಿತ್ತು. ಹೆತ್ತವರಿಗೆ ಕುಡಿತದ ಚಟ ಇದ್ದ ಮಕ್ಕಳಲ್ಲಿ ಚಟ, ಹೆತ್ತವರಿಗೆ ಚಟ ಇಲ್ಲದ ದತ್ತುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ. ಎಲ್ಲರೂ ಹಿಡಿದುಕೊಂಡಿದ್ದು ಇದನ್ನೇ. ಅದೇ ಮಕ್ಕಳಲ್ಲಿ ಐವರಲ್ಲಿ ನಾಲ್ವರಿಗೆ ಚಟ ಅಂಟಿರಲಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು ಅನ್ನಿಸುತ್ತದೆ.

ಆಮೇಲೆ ಜೀನ್ ಬೇಟೆ ಶುರುವಾಯಿತು. 1990ರಲ್ಲಿ ಕೆನೆತ್ ಬ್ಲಮ್, ಅರ್ನೆಸ್ಟ್ ನೋಬಲ್ ಮತ್ತು ಸಂಗಡಿಗರು ತೀರಿಕೊಂಡ 70 ಜನರ ಮಿದುಳನ್ನು ಪರೀಕ್ಷಿಸಿ, ಮಿದುಳಿನಲ್ಲಿ ಖುಷಿ, ಆಸೆಗಳ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಜೀನ್‌ನತ್ತ ಬೆರಳು ತೋರಿಸಿದರು. ಕುಡಿತದ ಜೀನ್ ಸಿಕ್ಕೇಬಿಟ್ಟಿತು ಅಂತ ಸುದ್ದಿಯಾಯಿತು. ಅದೇ ವರ್ಷ ಇನ್ನೊಂದು ತಂಡ ಹುಡುಕಿದಾಗ ಆ ನಂಟು ಕಾಣಲಿಲ್ಲ. ಸಿಗರೇಟಿನ ವಿಷಯದಲ್ಲಿ 2008ರಲ್ಲಿ ಗಟ್ಟಿ ಸುಳಿವು ಸಿಕ್ಕಿತು: ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಪೈಕಿ 15ನೆಯದರಲ್ಲಿ, ತಂಬಾಕಿನ ನಿಕೋಟಿನ್ ಬಂದು ಕೂರುವ ರಿಸೆಪ್ಟರ್‌ಗಳ (ಜೀವಕೋಶದ ಮೇಲಿನ ಗ್ರಾಹಕಗಳ) ಜೀನ್‌ಗಳ ಹತ್ತಿರ. 2019ರಲ್ಲಿ 12 ಲಕ್ಷ ಜನರ ಜೀನ್ ಮಾಹಿತಿ ಜಾಲಾಡಿದಾಗ ತಂಬಾಕು ಮತ್ತು ಮದ್ಯದ ಬಳಕೆಗೆ ನಂಟಿರುವ 400ಕ್ಕೂ ಹೆಚ್ಚು ಜಾಗಗಳು ಡಿಎನ್‌ಎಯಲ್ಲಿ ಕಂಡವು. ಬಹುತೇಕ ಒಂದೊಂದರ ಪಾಲೂ ತೀರಾ ಚಿಕ್ಕದು.

ಒಂದು ಜೀನ್ ಮಾತ್ರ ಎದ್ದು ಕಾಣುತ್ತದೆ. ಅದು ಚಟ ತರುವುದಲ್ಲ, ತಡೆಯುವುದು. ಮದ್ಯ ಒಳಗೆ ಹೋದರೆ ದೇಹ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾಡುತ್ತದೆ. ಆಮೇಲೆ ಎಎಲ್‌ಡಿಎಚ್2 ಎಂಬ ಕಿಣ್ವ ಆ ವಿಷವನ್ನು ಮುರಿಯುತ್ತದೆ. ಚೀನಾ, ಜಪಾನ್, ಕೊರಿಯಾದ ಎಷ್ಟೋ ಜನರಲ್ಲಿ ಈ ಕಿಣ್ವವನ್ನು ಮಾಡಿಸುವ ಜೀನ್‌ನ ಒಂದೇ ಒಂದು ಅಕ್ಷರ ಬೇರೆ ಇರುತ್ತದೆ. ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ, ವಿಷ ಒಳಗೇ ನಿಲ್ಲುತ್ತದೆ. ಅರ್ಧ ಗ್ಲಾಸಿಗೇ ಮುಖ ಕೆಂಪಾಗುತ್ತದೆ, ಎದೆ ಡವಡವ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಮಾಡುವುದೂ ಇದನ್ನೇ!

1994ರಲ್ಲಿ ಜಪಾನಿನ ಸುಸುಮು ಹಿಗುಚಿ ಮತ್ತು ಸಂಗಡಿಗರು ಕುಡಿತದ ಚಟಕ್ಕೆ ಚಿಕಿತ್ಸೆ ಪಡೆದವರ ಲೆಕ್ಕ ತೆಗೆದರು. ಅಪ್ಪ, ಅಮ್ಮ ಇಬ್ಬರಿಂದಲೂ ಜೀನ್‌ನ ಈ ಬದಲಾದ ರೂಪ ಪಡೆದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಒಬ್ಬರಿಂದ ಮಾತ್ರ ಪಡೆದವರು 1979ರಲ್ಲಿ ಶೇ 2.5, 1986ರಲ್ಲಿ ಶೇ 8, 1992ರಲ್ಲಿ ಶೇ 13. ಹದಿಮೂರು ವರ್ಷದಲ್ಲಿ ಒಂದು ದೇಶದ ಜೀನ್ ಬದಲಾಗುವುದಿಲ್ಲ. ಬದಲಾಗಿದ್ದು ಅವರ ಸುತ್ತಲಿನ ಕುಡಿತ. ಮುಖ ಕೆಂಪಾದರೂ ಸಹಿಸಿಕೊಂಡು ಕುಡಿಯುವವರು ಹೆಚ್ಚಾಗಿದ್ದರು. ಹಾಗೆ ಕುಡಿಯುತ್ತಾ ಹೋದವರಿಗೆ ಅನ್ನನಾಳದ ಕ್ಯಾನ್ಸರ್ ಬರುವ ಅಪಾಯ ಉಳಿದ ಕುಡಿಯುವವರಿಗಿಂತ ತುಂಬಾ ಜಾಸ್ತಿ.